ಬೆಳಗಿನ ಓಟ, ಮನೆಯ ಬೆಕ್ಕು: ಎರಡನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವುದು ಹೇಗೆ?

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕರಿಯನಿಗೆ ಆರು ವರ್ಷ, ಬೆಳ್ಳಿಗೆ ಮೂರು. ಜಯನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಲಾಲ್‌ಬಾಗ್ ಕಡೆ ಓಡಲು ಹೋಗುತ್ತೇನೆ. ಓಟ ಶುರು ಮಾಡಿದ ಮೊದಲ ಎರಡು ತಿಂಗಳು ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ನಾಲ್ಕು ಗಂಟೆಗೇ ಕರಿಯ ಬಂದು ನನ್ನ ಕೆನ್ನೆ ಮೇಲೆ ಕಾಲಿಡುತ್ತಿದ್ದ. ಎದ್ದು ಊಟ ಹಾಕಿ ಹೊರಟರೆ ಬಾಗಿಲ ಹಿಂದೆ ಕೂತು ಕೂಗುತ್ತಿದ್ದ. "ನೀನು ಹೋದ ಮೇಲೆ ಅದು ಒಂದೇ ಸಮ ಅಳುತ್ತೆ ಕಣಮ್ಮ" ಎಂದು ಪಕ್ಕದ ಮನೆ ಆಂಟಿ ಹೇಳಿದ ದಿನ, ಓಟವನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು.

ಬಿಡಬೇಕಾಗಿ ಬರಲಿಲ್ಲ. ಬೆಳಗಿನ ಕೆಲಸಗಳ ಕ್ರಮ ಬದಲಾಯಿಸಿದ್ದೇ ಸಾಕಾಯಿತು. ಓಡುವವರ ಮನೆಯಲ್ಲಿ ಬೆಕ್ಕಿಗೆ ಅಪಾಯ ತರುವ ಕೆಲವು ವಸ್ತುಗಳೂ ಇರುತ್ತವೆ. ಅದು ನನಗೆ ತಡವಾಗಿ ಗೊತ್ತಾಯಿತು. ಎರಡನ್ನೂ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಬೆಕ್ಕಿನ ಬೆಳಗು ಹೇಗಿರುತ್ತದೆ

ಬೆಕ್ಕು ರಾತ್ರಿಯೆಲ್ಲ ಎದ್ದಿರುವ ಪ್ರಾಣಿ ಎಂದು ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಅದು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಓಡುವವರು ಏಳುವುದೂ ಆ ನಸುಕಿನಲ್ಲೇ ಅಲ್ವಾ? ಹಾಗಾಗಿ ನಿಮ್ಮ ಅಲಾರಂ ಮತ್ತು ನಿಮ್ಮ ಬೆಕ್ಕು ಶತ್ರುಗಳಲ್ಲ. ಇಬ್ಬರದೂ ಒಂದೇ ಹೊತ್ತು.

ಇನ್ನೊಂದು ವಿಷಯ ನೆನಪಿಡಿ. ಬೆಕ್ಕಿನ ದಿನ ಒಂದು ಸರಪಳಿ ಇದ್ದ ಹಾಗೆ: ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಮನೆಯೊಳಗಿನ ಬೆಕ್ಕಿಗೆ ಬೇಟೆಯ ಜಾಗದಲ್ಲಿ ಆಟ ಇರಬೇಕು. ಬೇಟೆಯಿಲ್ಲದೆ ನೇರವಾಗಿ ಊಟ ಸಿಕ್ಕರೆ ಅದರ ಮೈಯಲ್ಲಿ ಶಕ್ತಿ ಉಳಿದೇ ಇರುತ್ತದೆ. ನಾವು ಬಾಗಿಲು ಹಾಕಿಕೊಂಡು ಹೋದ ಮೇಲೆ ಆ ಶಕ್ತಿ ಕೂಗಿನ ರೂಪದಲ್ಲಿ, ಪರದೆ ಹರಿಯುವ ರೂಪದಲ್ಲಿ ಹೊರಬರುತ್ತದೆ. ಆಟ, ಊಟ ಎರಡೂ ಮುಗಿದರೆ ಮುಂದಿನದು ತಾನಾಗೇ ನಡೆಯುತ್ತದೆ. ನೀವು ಓಡುತ್ತಿರುವಾಗ ಅದು ಮಲಗಿರುತ್ತದೆ. ಕೆಳಗೆ ಹೇಳುವ ದಿನಚರಿಯೆಲ್ಲ ನಿಂತಿರುವುದು ಈ ಸರಪಳಿಯ ಮೇಲೆ.

ನಾಲ್ಕು ಗಂಟೆಯ ಕೂಗು ನಿಲ್ಲಿಸಲು

ನಿದ್ದೆ ಕೆಟ್ಟರೆ ಓಟವೂ ಕೆಡುತ್ತದೆ. ಮೊದಲು ಇದನ್ನು ಸರಿ ಮಾಡಿ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಮಲಗುವ ಅರ್ಧ ಗಂಟೆ ಮುಂಚೆ ಕೋಲಿಗೆ ದಾರ ಮತ್ತು ಗರಿ ಕಟ್ಟಿದ ಆಟಿಕೆ ಹಿಡಿದು ಹತ್ತು ಹದಿನೈದು ನಿಮಿಷ ಆಡಿಸಿ. ಗರಿಯನ್ನು ಬೆಕ್ಕಿನ ಮುಖಕ್ಕೆ ತಂದು ಅಲ್ಲಾಡಿಸಬೇಡಿ. ಯಾವ ಇಲಿಯೂ ಬೆಕ್ಕಿನ ಕಡೆಗೆ ಓಡಿ ಬರುವುದಿಲ್ಲ. ದೂರಕ್ಕೆ ಎಳೆಯಿರಿ, ಸೋಫಾ ಮರೆಯಲ್ಲಿ ನಿಲ್ಲಿಸಿ, ಮತ್ತೆ ಎಳೆಯಿರಿ. ಕೊನೆಗೆ ಅದಕ್ಕೆ ಹಿಡಿಯಲು ಬಿಡಿ. ಹಿಡಿದ ಮೇಲೆ ದಿನದ ದೊಡ್ಡ ಊಟ ಕೊಡಿ. ಆಟಿಕೆಯನ್ನು ಬೀರುವಿನೊಳಗೆ ಇಡಿ, ದಾರ ಹೊರಗೆ ಬಿಡಬಾರದು.

ನಸುಕಿನಲ್ಲಿ ಕೂಗಿದಾಗ ಏಳಬೇಡಿ, ಬೈಯಬೇಡಿ, "ಸುಮ್ನಿರೋ" ಎನ್ನಲೂ ಬೇಡಿ. ಬೈಗುಳವೂ ಅದಕ್ಕೆ ಉತ್ತರವೇ. ಮೊದಲ ಕೆಲವು ದಿನ ಕೂಗು ಜಾಸ್ತಿಯೇ ಆಗುತ್ತದೆ. ಅಲ್ಲಿ ಸೋತು ಒಮ್ಮೆ ಎದ್ದು ಊಟ ಹಾಕಿದರೆ, ಜೋರಾಗಿ ಕೂಗಿದರೆ ಸಿಗುತ್ತದೆ ಎಂದು ಅದು ಕಲಿಯುತ್ತದೆ. ನಮ್ಮ ಮನೆಯಲ್ಲಿ ಮೂರು ವಾರ ಹಿಡಿಯಿತು.

ಇದರಲ್ಲಿ ನನಗೆ ಬಹಳ ಸಹಾಯವಾಗಿದ್ದು ಇನ್ನೊಂದು ಸಣ್ಣ ಬದಲಾವಣೆ. ಅಲಾರಂ ಹೊಡೆದ ಕೂಡಲೇ ಊಟ ಹಾಕುವುದನ್ನು ನಿಲ್ಲಿಸಿದೆ. ಎದ್ದು ಮುಖ ತೊಳೆದು, ನೀರು ಕುಡಿದು, ಆಡಿಸಿ, ಆಮೇಲೆ ಊಟ. ನಾನು ಏಳುವುದಕ್ಕೂ ಬಟ್ಟಲು ತುಂಬುವುದಕ್ಕೂ ನಡುವೆ ಇಪ್ಪತ್ತು ನಿಮಿಷ ಬಂದಿತು. ನನ್ನನ್ನು ಎಬ್ಬಿಸುವುದರಲ್ಲಿ ಅವುಗಳಿಗೆ ಲಾಭ ಕಾಣದೆ ಹೋಯಿತು. ಟೈಮರ್ ಇರುವ ಆಟೋಮ್ಯಾಟಿಕ್ ಫೀಡರ್ ಕೊಳ್ಳಲು ಆಗುವುದಾದರೆ ಇನ್ನೂ ಒಳ್ಳೆಯದು. ಆಗ ಬೆಕ್ಕು ನಿಮ್ಮ ಹಾಸಿಗೆ ಬಿಟ್ಟು ಅದರ ಮುಂದೆ ಕಾಯುತ್ತದೆ.

ಒಂದು ಎಚ್ಚರಿಕೆ. ಎಂದೂ ಕೂಗದ ಬೆಕ್ಕು ಇದ್ದಕ್ಕಿದ್ದಂತೆ ರಾತ್ರಿ ಕೂಗಲು ಶುರು ಮಾಡಿದರೆ ಅದನ್ನು ಹಟ ಎಂದುಕೊಳ್ಳಬೇಡಿ. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಜಾಸ್ತಿಯಾದಾಗ, ರಕ್ತದೊತ್ತಡ ಏರಿದಾಗ ಹೀಗಾಗುತ್ತದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೂ ಕೂಗುತ್ತದೆ. ಡಾಕ್ಟರ್ ಹತ್ತಿರ ತೋರಿಸಿ.

ಓಟದ ಬೆಳಗು, ಹೆಜ್ಜೆ ಹೆಜ್ಜೆಯಾಗಿ

1. ಏಳುವುದು. ಮಂಚದ ಹತ್ತಿರ ಸಣ್ಣ ನೈಟ್ ಲ್ಯಾಂಪ್ ಇರಲಿ. ಕತ್ತಲಲ್ಲಿ ಕಾಲಿಗೆ ಸುತ್ತಿಕೊಳ್ಳುವ ಬೆಕ್ಕನ್ನು ತಪ್ಪಿಸಲು ಹೋಗಿ ಪಾದ ಉಳುಕಿಸಿಕೊಂಡರೆ ಮೂರು ವಾರ ಓಟವಿಲ್ಲ.

2. ಮೊದಲು ಲಿಟರ್ ಬಾಕ್ಸ್, ಅಂದರೆ ಬೆಕ್ಕು ಮಲಮೂತ್ರ ಮಾಡುವ ಮರಳಿನಂಥ ಪುಡಿ (ಲಿಟರ್) ತುಂಬಿದ ಡಬ್ಬ. ಓಟಕ್ಕೆ ಮುಂಚೆ ಯಾಕೆ ಎಂದು ಕೇಳಬಹುದು. ರಾತ್ರಿಯಿಡೀ ಏನಾಗಿದೆ ಎಂದು ಅಲ್ಲಿ ಬರೆದಿಟ್ಟ ಹಾಗೆ ಇರುತ್ತದೆ. ಉಂಡೆಗಟ್ಟುವ ಲಿಟರ್ ಆದರೆ ಮೂತ್ರದ ಉಂಡೆಗಳನ್ನು ಎಣಿಸಬಹುದು. ದಿನವೂ ಎಣಿಸಿದರೆ ಯಾವುದು ಮಾಮೂಲಿ ಎಂದು ನಿಮಗೇ ತಿಳಿಯುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಬಾಕ್ಸಿಗೆ ಹೋಗಿ ತಿಣುಕುತ್ತಿದ್ದು, ಉಂಡೆಯೇ ಇಲ್ಲದಿದ್ದರೆ, ಆ ದಿನ ಓಟ ಬಿಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಸಂಜೆವರೆಗೂ ಕಾಯಬಾರದು. ದಿನವೂ ಬಾಕ್ಸ್ ತೆಗೆಯುವುದಕ್ಕೆ ಇನ್ನೊಂದು ಕಾರಣವಿದೆ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗ ತರುವ ಪರೋಪಜೀವಿ ಇದ್ದರೂ ಅದು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅಷ್ಟರೊಳಗೆ ತೆಗೆದುಬಿಟ್ಟರೆ ಅಪಾಯ ತುಂಬಾ ಕಡಿಮೆ. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳ್ಳೆಯದು. ಎಷ್ಟು ಬೆಕ್ಕಿದೆಯೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇರಲಿ. ನಮ್ಮಲ್ಲಿ ಎರಡಕ್ಕೆ ಮೂರು.

3. ಕೈ ತೊಳೆದು, ಒಂದು ಲೋಟ ನೀರು, ಅರ್ಧ ಬಾಳೆಹಣ್ಣು.

4. ಎಂಟು ಹತ್ತು ನಿಮಿಷ ಆಟ. ಇದನ್ನೇ ನಿಮ್ಮ ವಾರ್ಮ್ ಅಪ್ ಮಾಡಿಕೊಳ್ಳಿ. ಒಂದು ಕೈಯಲ್ಲಿ ಗರಿಯ ಕೋಲು ಹಿಡಿದು ನಾನು ನಡುಮನೆಯಿಂದ ಅಡುಗೆಮನೆಗೆ ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು) ಹಾಕುತ್ತಾ ಹೋಗುತ್ತೇನೆ, ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಕುಕ್ಕರುಗಾಲಲ್ಲಿ ಕೂತು ಏಳುತ್ತೇನೆ. ಕರಿಯ ಹಾರುತ್ತಾನೆ, ನನ್ನ ತೊಡೆ ಬಿಸಿಯಾಗುತ್ತದೆ. ಲೇಸರ್ ಲೈಟ್ ಬೇಡ. ಕೈಗೆ ಸಿಗದ ಬೇಟೆ ಬೆಕ್ಕಿಗೆ ಬರೀ ಸಂಕಟ.

5. ಊಟದ ಮೂರನೇ ಒಂದು ಭಾಗ. ನಾಲ್ಕು ಕೆಜಿಯ ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಸಾಕು. ಒಣ ಫುಡ್ ಆದರೆ 55–65 ಗ್ರಾಂ ಆಸುಪಾಸು. ಪ್ಯಾಕೆಟ್ಟಿನ ಹಿಂದೆ ನೋಡಿ, ತಕ್ಕಡಿಯಲ್ಲಿ ತೂಗಿ. ಓಟದ ದಿನ ಎಂದು ಎರಡು ಸಲ ಹಾಕುತ್ತಾ ಹೋದರೆ ಮನೆಯಲ್ಲಿ ತೂಕ ಇಳಿಯುವುದು ನಮ್ಮದು, ಏರುವುದು ಅವುಗಳದ್ದು. ಮರಿಯಾಗದಂತೆ ಆಪರೇಷನ್ ಮಾಡಿಸಿದ ಬೆಕ್ಕುಗಳು ಬೇಗ ದಪ್ಪ ಆಗುತ್ತವೆ.

6. ಅವು ಮೈ ನೆಕ್ಕಿಕೊಳ್ಳುವಾಗ ಸದ್ದಿಲ್ಲದೆ ಹೊರಡಿ. ಮುದ್ದು ಮಾಡಿ ಬೀಳ್ಕೊಡುವುದೆಲ್ಲ ಬೇಡ.

7. ವಾಪಸ್ ಬಂದ ಮೇಲೆ ಮೊದಲು ಕೈಕಾಲು, ಕುತ್ತಿಗೆ ತೊಳೆಯಿರಿ. ಬೆವರಿನ ಉಪ್ಪಿಗೆ ಬೆಕ್ಕುಗಳು ಓಡಿ ಬಂದು ನೆಕ್ಕುತ್ತವೆ. ಬೆವರಿಗಿಂತ ಅದರ ಜೊತೆಗಿರುವ ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಕೆಟ್ಟದ್ದು. ತೊಳೆದ ಮೇಲೆ ಚಾಪೆ ಹಾಕಿ ಸ್ಟ್ರೆಚಿಂಗ್. ಹೊಟ್ಟೆ ಮೇಲೆ ಬಂದು ಕೂತರೆ ಕೂರಲಿ ಬಿಡಿ. ರಬ್ಬರ್ ಯೋಗ ಮ್ಯಾಟನ್ನು ಉಗುರಿನಲ್ಲಿ ಕಿತ್ತು ನುಂಗುವ ಬೆಕ್ಕುಗಳಿವೆ. ಬೆಳ್ಳಿಯದು ಅದೇ ಅಭ್ಯಾಸ. ಈಗ ನಾನು ಹಳೇ ಜಮಖಾನೆ ಬಳಸುತ್ತೇನೆ.

ಓಟವಿಲ್ಲದ ದಿನವೂ ಇದೇ ಕ್ರಮ ನಡೆಸಿ. ಬೆಕ್ಕಿಗೆ ಭಾನುವಾರ ಗೊತ್ತಿಲ್ಲ. ಆಟ ಆಡಿಸಿ, ಊಟ ಹಾಕಿ, ಮತ್ತೆ ಮಲಗಿ. ಅವೂ ಬಂದು ಕಾಲ ಹತ್ತಿರ ಮಲಗುತ್ತವೆ.

ಬಾಗಿಲು

ಫ್ಲ್ಯಾಟಿನಲ್ಲಿ ಬೆಕ್ಕು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬೆಳಗ್ಗೆಯೇ. ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆಗೆದಿರುತ್ತೇವೆ, ಒಂದು ಕಾಲಿಗೆ ಶೂ, ಕಿವಿಯಲ್ಲಿ ಇಯರ್‌ಫೋನ್. ಬೆಳ್ಳಿ ಒಮ್ಮೆ ಹಾಗೇ ಜಾರಿ ಹೋಗಿದ್ದಳು. ನನಗೆ ಗೊತ್ತೇ ಆಗಲಿಲ್ಲ. ಏಳು ಕಿಲೋಮೀಟರ್ ಓಡಿ ಬಂದು ನೋಡಿದರೆ ಮನೆಯಲ್ಲಿ ಕರಿಯ ಒಬ್ಬನೇ. ಟೆರೇಸಿನ ನೀರಿನ ಟ್ಯಾಂಕ್ ಕೆಳಗೆ ಮುದುರಿ ಕೂತಿದ್ದವಳು ಸಿಕ್ಕಿದ್ದು ಮಧ್ಯಾಹ್ನ.

ಅಂದಿನಿಂದ ಇಷ್ಟನ್ನು ತಪ್ಪದೆ ಮಾಡುತ್ತೇನೆ. ಶೂ ಹಾಕಿ ಲೇಸ್ ಕಟ್ಟುವುದು ಒಳಗೆ, ಬಾಗಿಲು ಮುಚ್ಚಿರುವಾಗಲೇ. ಕೀಲಿ, ಫೋನ್, ನೀರಿನ ಬಾಟಲಿ ಎಲ್ಲ ಕೈಗೆ ಬಂದ ಮೇಲೇ ಚಿಲಕಕ್ಕೆ ಕೈ. ಇಯರ್‌ಫೋನ್ ಹಾಕಿಕೊಳ್ಳುವುದು ಮೆಟ್ಟಿಲಿಳಿದ ಮೇಲೆ. ಬಾಗಿಲು ತೆಗೆಯುವ ಮುಂಚೆ ಎರಡೂ ತಲೆ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ತೆಗೆಯುವುದಿಲ್ಲ.

ತಪ್ಪಿಸಿಕೊಂಡರೆ ಗಾಬರಿಯಿಂದ ಅಟ್ಟಿಸಿಕೊಂಡು ಹೋಗಬೇಡಿ. ನಿಮ್ಮ ಓಟದ ವೇಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೆಕ್ಕು ಚಿಕ್ಕ ದೂರವನ್ನು ಗಂಟೆಗೆ 45 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡಬಲ್ಲದು. ಒಳಗೇ ಬೆಳೆದ ಬೆಕ್ಕು ಹೆದರಿ ಹತ್ತಿರದಲ್ಲೇ ಅಡಗುತ್ತದೆ. ಮೆಟ್ಟಿಲ ಕೆಳಗೆ, ಕಾರಿನ ಅಡಿ, ಟ್ಯಾಂಕ್ ಸಂದಿ ನೋಡಿ. ನೆಲಮಟ್ಟಕ್ಕೆ ಟಾರ್ಚ್ ಹಿಡಿದರೆ ಕಣ್ಣು ಹೊಳೆಯುತ್ತದೆ. ಊಟದ ಡಬ್ಬಿ ಅಲ್ಲಾಡಿಸಿ, ಮನೆಯಲ್ಲಿ ಕರೆಯುವ ದನಿಯಲ್ಲೇ ಕರೆಯಿರಿ.

ಬಾಲ್ಕನಿ ಮತ್ತು ಕಿಟಕಿಗೆ ನೆಟ್ ಹಾಕಿಸುವುದನ್ನು ಮುಂದೂಡಬೇಡಿ. ಪಾರಿವಾಳ ಕಂಡ ಬೆಕ್ಕಿಗೆ ಮೂರನೇ ಮಹಡಿ ಎನ್ನುವುದು ನೆನಪಿರುವುದಿಲ್ಲ.

ನೋವಿನ ಸ್ಪ್ರೇ, ಬಾಮ್, ಮಾತ್ರೆ

ಇದೊಂದು ಭಾಗವನ್ನಾದರೂ ದಯವಿಟ್ಟು ಪೂರ್ತಿ ಓದಿ.

ಓಡುವವರ ಮನೆಯಲ್ಲಿ ನೋವಿನ ಸ್ಪ್ರೇ ಅಥವಾ ಜೆಲ್ ಇಲ್ಲದೆ ಇರುವುದಿಲ್ಲ. ನಮ್ಮಲ್ಲಿ ಸಿಗುವ ಬಹುತೇಕ ಸ್ಪ್ರೇಗಳಲ್ಲಿ ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್ ಇರುತ್ತವೆ. ಡೈಕ್ಲೋಫೆನಾಕ್ ಹೆಸರು ನೀವು ಬೇರೆ ಕಡೆ ಕೇಳಿರಬಹುದು. ಈ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದು ನಮ್ಮ ರಣಹದ್ದುಗಳು ಸತ್ತವು. 2006ರಲ್ಲಿ ಭಾರತದಲ್ಲಿ ಜಾನುವಾರುಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿದರು. ಬೆಕ್ಕಿನ ಮೂತ್ರಪಿಂಡಕ್ಕೂ ಈ ಜಾತಿಯ ಔಷಧಿಗಳು ಬಹಳ ಅಪಾಯ.

ಕಾರಣ ಬೆಕ್ಕಿನ ಯಕೃತ್ತಿನಲ್ಲಿದೆ. ಇಂಥ ಔಷಧಿಗಳನ್ನು ಒಡೆದು ಹೊರಹಾಕಲು ಬೇಕಾದ ಒಂದು ಕಿಣ್ವ ಬೆಕ್ಕುಗಳಲ್ಲಿ ತೀರಾ ಕಡಿಮೆ. ನಮಗೆ ಕೆಲವು ಗಂಟೆಗಳಲ್ಲಿ ಇಳಿಯುವ ಔಷಧಿ ಅವುಗಳ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅದರ ಮೇಲೆ, ಬೆಕ್ಕು ಮೈಗೆ ಅಂಟಿದ್ದನ್ನೆಲ್ಲ ನೆಕ್ಕಿ ಶುದ್ಧ ಮಾಡಿಕೊಳ್ಳುವ ಪ್ರಾಣಿ. ನಿಮ್ಮ ಮೀನಖಂಡಕ್ಕೆ ಹಚ್ಚಿದ ಜೆಲ್ ಅದರ ತುಪ್ಪಳಕ್ಕೆ, ಅಲ್ಲಿಂದ ನಾಲಗೆಗೆ. ಇದು ಬರೀ ಊಹೆಯಲ್ಲ. ಫ್ಲರ್ಬಿಪ್ರೊಫೆನ್ ಇರುವ ನೋವಿನ ಕ್ರೀಮನ್ನು ಮನೆಯವರು ತಮ್ಮ ಮೈಗೆ ಹಚ್ಚಿಕೊಂಡಿದ್ದರಿಂದ ಬೆಕ್ಕುಗಳು ಕಾಯಿಲೆ ಬಿದ್ದು ಸತ್ತಿದ್ದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಪ್ರಕಟಿಸಿ ಎಚ್ಚರಿಸಿತ್ತು.

ಇನ್ನು ಪ್ಯಾರಸಿಟಮಾಲ್. ಜ್ವರಕ್ಕೆ, ಮೈಕೈ ನೋವಿಗೆ ನಾವು ನುಂಗುವ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುವುದು, ಮುಖ ಮತ್ತು ಪಾದ ಊದಿಕೊಳ್ಳುವುದು, ಏದುಸಿರು ಇವು ಅದರ ಲಕ್ಷಣ. ಬೆಕ್ಕಿಗೆ ಜ್ವರ ಎಂದು ಕಾಲು ಮಾತ್ರೆ ಕೊಟ್ಟವರನ್ನು ನಾನೇ ನೋಡಿದ್ದೇನೆ. ಪ್ರೀತಿಯಿಂದಲೇ ಕೊಟ್ಟಿದ್ದರು. ಐಬುಪ್ರೊಫೆನ್, ಆಸ್ಪಿರಿನ್ ಕೂಡ ಮನೆಯಲ್ಲಿ ನೀವಾಗಿ ಕೊಡಬೇಡಿ.

ಹಾಗಾದರೆ ಕಾಲು ನೋವಿಗೆ ಏನು ಮಾಡುವುದು? ಮೊದಲು ಐಸ್, ವಿಶ್ರಾಂತಿ, ಕಾಲು ಎತ್ತಿ ಇಡುವುದು. ಜೆಲ್ ಬೇಕೇ ಬೇಕು ಎಂದರೆ ಬಾಗಿಲು ಹಾಕಿದ ಕೋಣೆಯಲ್ಲಿ ಹಚ್ಚಿ, ಒಣಗಲು ಬಿಡಿ, ಮೇಲೆ ಉದ್ದ ಸಾಕ್ಸ್ ಅಥವಾ ಪ್ಯಾಂಟ್ ಹಾಕಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಆ ರಾತ್ರಿ ಬೆಕ್ಕು ನಿಮ್ಮ ಹಾಸಿಗೆಯಲ್ಲಿ ಮಲಗದಿರಲಿ. ಜೆಲ್ ತಾಗಿದ ಟವೆಲ್ ನೆಲದ ಮೇಲೆ ಬಿಡಬೇಡಿ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಮನೆ ಮದ್ದು ಎನ್ನಿಸಿದರೂ ಬೆಕ್ಕಿಗೆ ಅವೂ ವಿಷವೇ. ನೆಕ್ಕಿದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಟ್ಯೂಬ್ ಸಮೇತ ಡಾಕ್ಟರ್ ಹತ್ತಿರ ಓಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಒಂದು ಸಾಲು ಸೇರಿಸಿಬಿಡುತ್ತೇನೆ: ನಾಯಿಗಳ ಮೈಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಹಾಕಲೇಬಾರದು.

ದಾರ, ಪಿನ್ನು, ಮೆಡಲ್ ರಿಬ್ಬನ್

ಬೆಕ್ಕಿನ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಬಾಯಿಗೆ ಹೋದ ದಾರ ಹೊರಗೆ ಬರುವುದು ಕಷ್ಟ, ಒಳಗೇ ಹೋಗುತ್ತದೆ. ಕರುಳಿನಲ್ಲಿ ಸಿಕ್ಕಿಕೊಂಡ ದಾರ ಕರುಳನ್ನು ಸುರುಟಿ ಕೊಯ್ದುಬಿಡುತ್ತದೆ. ಶೂ ಲೇಸ್, ಕೂದಲಿನ ರಬ್ಬರ್ ಬ್ಯಾಂಡ್, ಬಿಬ್‌ಗೆ (ರೇಸಿನಲ್ಲಿ ಎದೆಗೆ ಹಾಕುವ ನಂಬರ್ ಚೀಟಿಗೆ) ಚುಚ್ಚುವ ಪಿನ್ನು, ಇಯರ್‌ಬಡ್‌ನ ಸಿಲಿಕಾನ್ ತುದಿ, ಗೋಡೆಗೆ ನೇತುಹಾಕಿದ ಮೆಡಲಿನ ರಿಬ್ಬನ್, ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಟ್ರೆಡ್‌ಮಿಲ್ ಇದ್ದರೆ ಆ ಕೋಣೆಗೆ ಬೆಕ್ಕು ಬರದಂತೆ ನೋಡಿಕೊಳ್ಳಿ. ಬೆಲ್ಟಿನ ಸಂದಿಗೆ ಪಾದ, ಬಾಲ ಸಿಗುತ್ತದೆ.

ಶೂ ಬಾಗಿಲಾಚೆಯೇ ಇರಲಿ

ದಾರಿಯಲ್ಲಿ ಸಿಗುವ ಬೀದಿ ಬೆಕ್ಕುಗಳನ್ನು ಮಾತಾಡಿಸದೆ ಬರಲು ನನಗೂ ಆಗುವುದಿಲ್ಲ. ಆದರೆ ಬೆಕ್ಕುಗಳ ಪಾರ್ವೊ, ಅಂದರೆ ಪ್ಯಾನ್‌ಲ್ಯುಕೋಪೀನಿಯಾ ವೈರಸ್, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಶೂ ತಳಕ್ಕೆ ಅಂಟಿ ಮನೆಗೆ ಬರುತ್ತದೆ. ಲಸಿಕೆ ಆಗದ ಮರಿಗಳಿಗೆ ಇದು ಯಮ. "ನಮ್ಮ ಬೆಕ್ಕು ಹೊರಗೇ ಹೋಗಲ್ಲ, ಲಸಿಕೆ ಯಾಕೆ" ಎಂದು ಕೇಳುವವರಿಗೆ ನಾನು ನನ್ನ ಶೂ ತೋರಿಸುತ್ತೇನೆ. ಮರಿಗೆ ಆರೇಳು ವಾರದಿಂದ ಶುರು ಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವವರೆಗೆ ಲಸಿಕೆ ಹಾಕಿಸಬೇಕು. ಮೂರು ತಿಂಗಳ ನಂತರ ರೇಬೀಸ್ ಲಸಿಕೆ.

ಬೀದಿ ಬೆಕ್ಕೋ ನಾಯಿಯೋ ಕಚ್ಚಿದರೆ, ಪರಚಿದರೆ ಓಟ ಅಲ್ಲಿಗೇ ನಿಲ್ಲಿಸಿ. ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರನ್ನು ನೋಡಿ. ಗಾಯ ಚಿಕ್ಕದು ಎಂದು ಬಿಡಬಾರದು.

ಹೊಸದಾಗಿ ಓಡುವವರಿಗೆ ಒಂದಿಷ್ಟು

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಹತ್ತು ಸುತ್ತು, ವಾರಕ್ಕೆ ಮೂರು ದಿನ. ಓಡುತ್ತಾ ಮಾತಾಡಲು ಆಗುವಷ್ಟೇ ವೇಗ. ಎರಡು ವಾರಕ್ಕೊಮ್ಮೆ ಓಟದ ನಿಮಿಷ ಒಂದೊಂದೇ ಹೆಚ್ಚಿಸಿ. ಇಪ್ಪತ್ತೈದು ಮೂವತ್ತು ನಿಮಿಷದ ಈ ಅವಧಿ ಬೆಕ್ಕಿಗೂ ಒಗ್ಗುತ್ತದೆ. ನಿಮ್ಮ ಗೈರುಹಾಜರಿ ನಿಧಾನಕ್ಕೆ ಬೆಳೆಯುತ್ತದೆ. ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಬೆಂಗಳೂರಿನ ವರ್ಲ್ಡ್ 10ಕೆ ಎಂಬ ಹತ್ತು ಕಿಲೋಮೀಟರ್ ರೇಸ್ 2008ರಿಂದ ನಡೆಯುತ್ತಿದೆ. ಮೊದಲ ಗುರಿಗೆ ಹತ್ತು ಕಿಲೋಮೀಟರ್ ಒಳ್ಳೆಯ ದೂರ.

ಬೆಕ್ಕನ್ನು ಬೆಲ್ಟ್ ಹಾಕಿ ಜೊತೆಗೆ ಓಡಿಸಬಹುದಾ ಎಂದು ಕೇಳುತ್ತಾರೆ. ಬೇಡ. ಬೆಕ್ಕು ಒಂದೇ ಉಸಿರಿಗೆ ನುಗ್ಗಿ ನಿಲ್ಲುವ ಪ್ರಾಣಿ, ದೂರ ಓಡುವುದಲ್ಲ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು ನಾಯಿಯ ಹಾಗೆ ಸುಮ್ನೆ ದಣಿದಿದೆ ಎಂದುಕೊಳ್ಳಬೇಡಿ. ಅದು ಅಪಾಯದ ಸೂಚನೆ.

ಲಾಂಗ್ ರನ್ ಮತ್ತು ಪರ ಊರಿನ ರೇಸ್

ಭಾನುವಾರದ ಎರಡು ಗಂಟೆಯ ಓಟಕ್ಕೆ ವಿಶೇಷ ಏರ್ಪಾಡು ಬೇಡ. ಊಟದಲ್ಲಿ ಒಂದು ಹಿಡಿಯನ್ನು ಮೊಟ್ಟೆಯ ಟ್ರೇ ಗುಳಿಗಳಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಬಚ್ಚಿಟ್ಟು ಹೋಗಿ. ಹುಡುಕುವುದೇ ಅವುಗಳಿಗೆ ಬೇಟೆ.

ಮೈಸೂರಿಗೋ ಇನ್ನೆಲ್ಲಿಗೋ ರೇಸ್‌ಗೆ ಹೋಗುವುದಾದರೆ ಬೆಕ್ಕು ಮನೆಯಲ್ಲೇ ಇರಲಿ. ಅದಕ್ಕೆ ನಮಗಿಂತ ಜಾಗ ಮುಖ್ಯ, ಹೋಟೆಲ್ ಕೋಣೆಯಲ್ಲಿ ಅದು ಹೆದರಿ ಊಟ ಬಿಡುತ್ತದೆ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ರಾತ್ರಿ ಉಳಿಯುವುದಾದರೆ ದಿನಕ್ಕೆರಡು ಸಲ ಯಾರಾದರೂ ಬಂದು ನೋಡಬೇಕು. ನಾನು ಆ ಪಕ್ಕದ ಮನೆ ಆಂಟಿಗೇ ಕೀಲಿ ಕೊಡುತ್ತೇನೆ. ಹೋಗುವ ಒಂದು ವಾರ ಮುಂಚೆ ಎರಡು ಮೂರು ಸಲ ಕರೆದು ಅವರ ಕೈಯಲ್ಲೇ ಊಟ ಹಾಕಿಸುತ್ತೇನೆ.

ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ. ಎಷ್ಟು ಗ್ರಾಂ ಊಟ, ನೀರಿನ ಬಟ್ಟಲು ಎಲ್ಲೆಲ್ಲಿ, ಬಾಕ್ಸಿನಲ್ಲಿ ಎಷ್ಟು ಉಂಡೆ ಇದ್ದರೆ ಸರಿ, ಯಾವ ಡಾಕ್ಟರ್, ಅವರ ಫೋನ್ ನಂಬರ್. ದೊಡ್ಡ ಅಕ್ಷರದಲ್ಲಿ ಮೇಲೆ ಬರೆಯಿರಿ: ಬಾಗಿಲು ತೆಗೆಯುವ ಮುಂಚೆ ಕಾಲ ಬಳಿ ನೋಡಿ, ಹೊರಡುವಾಗ ಎರಡೂ ಒಳಗಿವೆಯೇ ಎಂದು ಎಣಿಸಿ. ಆಂಟಿ ದಿನವೂ ಎರಡರ ಫೋಟೋ ಕಳಿಸುತ್ತಾರೆ. ರೇಸ್ ದಿನ ಸ್ಟಾರ್ಟ್ ಲೈನ್‌ಗೆ ಹೋಗುವ ಮುಂಚೆ ಆ ಫೋಟೋ ನೋಡಿ ಫೋನ್ ಒಳಗಿಡುತ್ತೇನೆ.